ಎಡ ನಾಲ್ಕು

ಮತ್ತಿಗಿರಿಯ ಕುದುರೆ ಲಾಯದ ಹಿಂದೆ ದೊರೆಗಳ ಚರ್ಚು.
ಬೀಗ ಬಿದ್ದು ಇಪ್ಪತ್ತೆರಡು ವರ್ಷ.
ಮರಕ್ಕೆ ಬೆಲೆ ಕಟ್ಟು ಬಾ, ಅಂದ ಹೊಸೂರಿನ ಗುತ್ತಿಗೆದಾರ.
ಬಂದೆ: ಸೊಂಟದಲ್ಲಿ ಟೇಪು, ಕಿವಿಯ ಸಂದಿಯಲ್ಲಿ ಪೆನ್ಸಿಲು.
ಇಸ್ರೇಲಪ್ಪ ಬೀಗದ ಬಾಯಿಗೆ ಸೀಮೆಎಣ್ಣೆ ಹುಯ್ದು
ಬಾಗಿಲಿಗೆ ಭುಜ ಕೊಟ್ಟ.
ಬಾಗಿಲು ಕೆಮ್ಮಿತು.

ಕಣ್ಣು ಮೊದಲು ಮೇಲಕ್ಕೇ ಹೋಯಿತು, ಕಸುಬೇ ಹಾಗೆ.
ಕತ್ತರಿ ಹಾಕಿ ನಿಂತ ತೇಗದ ತೊಲೆಗಳು,
ಒಂದರ ಹೆಗಲ ಮೇಲೆ ಒಂದು ಕೈ ಇಟ್ಟು
ದಾರಿ ಮರೆತ ಅಣ್ಣತಮ್ಮಂದಿರ ಹಾಗೆ.
ಒಂದು ಮೊಳೆಯಿಲ್ಲ, ಎಲ್ಲ ಮರದ ಗೂಟ.
ಗೆದ್ದಲು ಉತ್ತರದ ಮೂಲೆಯಿಂದ ಹೊರಟು
ಮೂರನೇ ತೊಲೆಗೆ ಬಂದು
ಯಾಕೋ ವಾಪಸು ಹೋಗಿದೆ.

ತೊಲೆಯಿಂದ ಇಳಿಬಿದ್ದ ಕೊಂಡಿಗಳು, ಪಂಖಾದವು.
ಗೋಡೆಯಲ್ಲಿ, ಕೂತವನ ಎದೆಮಟ್ಟಕ್ಕೆ, ಒಂದು ತೂತು.
ಬೆರಳಿಟ್ಟೆ. ಹುಣಸೆಬೀಜದಷ್ಟು ನುಣುಪು.
'ನಮ್ಮ ಮುತ್ತಾತ ಆಚೆ ಕೂತು ಎಳೀತಿದ್ದ,' ಅಂದ ಇಸ್ರೇಲಪ್ಪ.
'ಆಗಿನ್ನೂ ನಾವು ಸೇರಿರಲಿಲ್ಲ.
ಹಗ್ಗ ಮಾತ್ರ ಒಳಕ್ಕೆ ಹೋಗಿ ಬರ್ತಿತ್ತು.'

ಬಣ್ಣದ ಗಾಜಿನ ಕಿಟಕಿಯಲ್ಲಿ ಕುದುರೆ ಏರಿದ ಸಂತ.
ಸಂತನ ತಲೆ ಯಾವುದೋ ಹುಡುಗನ ಕಲ್ಲಿಗೆ ಹೋಗಿ
ಆ ಜಾಗದಲ್ಲೀಗ ಆಕಾಶ, ಒಂದು ಹದ್ದು.
ಕುದುರೆ ಮಾತ್ರ ಪೂರ್ತಿ ಇದೆ, ಗೊರಸಿನ ತನಕ.
ಲಾಯದವರು ಕಟ್ಟಿಸಿದ್ದಲ್ಲವೇ.
ಹತ್ತು ಗಂಟೆಗೆ ಅದರ ಹಸಿರು ನೆಲಕ್ಕಿಳಿದು
ನನ್ನ ಲೆಕ್ಕದ ಪುಸ್ತಕವನ್ನೇ ಹತ್ತಿತು.

ರೆಕ್ಕೆ ಹರಡಿದ ಹಿತ್ತಾಳೆ ಗರುಡ,
ಬೆನ್ನ ಮೇಲೆ ಪುಸ್ತಕವಿಲ್ಲ, ಹಲ್ಲಿಯ ಹಿಕ್ಕೆ ಇದೆ.
ಹಿತ್ತಾಳೆ ನನ್ನ ಲೆಕ್ಕವಲ್ಲ, ಮುಂದೆ ನಡೆದೆ.
ಕಲ್ಲಿನ ತೊಟ್ಟಿ, ಮಕ್ಕಳ ತಲೆಗೆ ನೀರು ಹಾಕಿದ್ದು.
ಅದರ ಮರದ ಮುಚ್ಚಳ: ಎಂಟು ಮೂಲೆ,
ಒಂದು ಕೂದಲು ತೂರದ ಬೆಸುಗೆ.
ಎತ್ತಿದೆ. ಒಳಗೆ ಒಣಗಿದ ಒಂದು ಕಪ್ಪೆ,
ಕೈ ಮುಗಿದ ಹಾಗೆ.

ಗೋಡೆಯ ಹಲಗೆಯಲ್ಲಿ ಮೂರು ಸಂಖ್ಯೆ ಇನ್ನೂ ನಿಂತಿವೆ,
ನೂರಹದಿನಾಲ್ಕು, ಇಪ್ಪತ್ತೇಳು, ಮುನ್ನೂರೆರಡು.
ಕೊನೆಯ ಭಾನುವಾರದ ಹಾಡುಗಳು.
ಯಾವ ಹಾಡು, ಅಂದೆ.
ಪುಸ್ತಕ ಬಿಷಪ್ಪರ ಆಫೀಸಿಗೆ ಹೋಯ್ತು, ಅಂದ.
ಸ್ವಲ್ಪ ಹೊತ್ತು ಬಿಟ್ಟು ಏನೋ ಗುನುಗಿದ,
ನಡುವೆ ನಿಲ್ಲಿಸಿ, ಇದಲ್ಲ, ಅಂದ.

ಆಮೇಲೆ ಬೆಂಚು.
ಕಾಲಿನ ದಪ್ಪ ನೋಡೋಣವೆಂದು ಮಗುಚಿ ಹಾಕಿದೆ.
ಅಡಿಯಲ್ಲಿ, ಯಾವ ದೊರೆಯೂ ಬಗ್ಗಿ ನೋಡದ ಕಡೆ,
ಉಳಿಯ ಮೂತಿಯಲ್ಲಿ ಕೊರೆದಿತ್ತು:
ಎಡ ೪.

ನಾನು ಓದಿದ್ದು ತಮಿಳು ಇಸ್ಕೂಲು.
ಬಸ್ಸಿನ ಬೋರ್ಡು, ಕರೆಂಟು ಬಿಲ್ಲು, ಮಗಳ ಮದುವೆ ಓಲೆ
ಎಲ್ಲ ಆ ಅಕ್ಷರದಲ್ಲೇ.
ಮನೆ ಮಾತಿನಲ್ಲಿ ಬರೆಯಲು ತಾತ ಕಲಿಸಿದ್ದು
ಹತ್ತು ಅಂಕಿ, ಎರಡು ಪದ.
ಬಾಗಿಲ ಚೌಕಟ್ಟು ಜೋಡಿಸುವವನಿಗೆ
ಎಡ ಬಲ ತಿಳಿದರೆ ಸಾಕು, ಅಂತಿದ್ದ.

ಒಂದೊಂದೇ ಮಗುಚಿದೆ. ಎಡ ೧, ಎಡ ೨.
ಬಲ ೬ರ ಪಕ್ಕ ಒಂದು ತಪ್ಪು ಅಂಕಿ, ಗೀಚಿ ಅಳಿಸಿದ್ದು.
ಬೈಗುಳ ತಿಂದಿರಬೇಕು ಯಾವನೋ ಹುಡುಗ.
ಬಲ ೭ ಇಲ್ಲ.
ಇಸ್ರೇಲಪ್ಪ ತಲೆ ಕೆರೆದುಕೊಂಡ:
'ನಮ್ಮ ಹಟ್ಟೀಲಿದೆ. ಅಮ್ಮನಿಗೆ ಸೊಂಟ ನೋವು,
ನೆಲದ ಮೇಲೆ ಕೂರೋಕಾಗಲ್ಲ.'

ಫೋನು ಬಂತು. ಎಷ್ಟು ಕ್ಯೂಬಿಕ್ ಅಡಿ?
'ಇನ್ನೂ ಎಣಿಸ್ತಿದ್ದೀನಿ, ಅಣ್ಣಾ.'

ಎಡ ೪ರ ಕಾಲು ಸಡಿಲವಾಗಿ ಕೈಗೇ ಬಂದಿತ್ತು.
ಬಾಚಿ ವ್ಯಾನಿನಲ್ಲಿತ್ತು, ತರಲು ಹೋಗಲಿಲ್ಲ.
ಕೂರ್ಮವನ್ನು ತೂತಿಗೆ ಹಿಡಿದು
ಅಂಗೈಯಿಂದ ಒಂದು ಗುದ್ದು.
ಕೂತಿತು.