೩೧೯೯೯ನೆಯ ಹಕ್ಕಿ

ಬೆಳಗಿನ ಐದಕ್ಕೆ ಫೋನು. ಜಿದ್ರಾ. ಹಲೋ ಇಲ್ಲ.
‘ಜಾಗ ಇಲ್ಲ ಅನ್ನುತ್ತಿದೆ ನಿನ್ನ ಯಂತ್ರ.
ಕೈಯಲ್ಲಿ ಹಕ್ಕಿ ಇದೆ, ಬೇಗ ಬಾ.’

ಬಾಲ್ಟಿಕ್ ದಂಡೆಯ ಮರಳಲ್ಲಿ ಸೈಕಲ್ಲು ಹೂತು
ತಳ್ಳಿಕೊಂಡೇ ಹೋದೆ. ಅಕ್ಟೋಬರಿನ ಗಾಳಿ.
ಪೈನ್ ಮರಗಳ ನಡುವೆ ಬಲೆಯ ಬಾಯಿ,
ಆಚೆ ಹಲಗೆಯ ಕೋಣೆ, ಒಂದೇ ದೀಪ,
ಮೊಳೆಗಳಿಗೆ ನೇತುಹಾಕಿದ ಬಟ್ಟೆಚೀಲಗಳು,
ಪ್ರತಿ ಚೀಲದಲ್ಲೂ ಮಿಸುಕುವ ಒಂದು ದಕ್ಷಿಣ.

ಡಿಸ್ಕು ನೋಡಿದೆ: ಅರ್ಧಕ್ಕರ್ಧ ಖಾಲಿ.
ಅನುಮತಿ ಸರಿ. ಕೇಬಲ್ಲು ಸರಿ.
ಬೈದು ನೋಡಿದೆ, ಅದೂ ಒಂದು ಪರೀಕ್ಷೆಯೇ.
ಒಂದು ಖಾಲಿ ಕಡತ ಕೊಟ್ಟೆ, ನುಂಗಿತು.
ಕೈಯಾರೆ ಟೈಪಿಸಿ ಒಂದು ಫೋಲ್ಡರ್ ಕೊಟ್ಟೆ,
ಆಗ ನಿಜ ಕಕ್ಕಿತು:
ಕೊಂಡಿಗಳು ಅತಿಯಾದವು.

ಹಕ್ಕಿಗೊಂದು ಫೋಲ್ಡರು. ಹದಿನೇಳು ವರ್ಷದ ಹಿಂದೆ
ನಾನೇ ಹಾಕಿಕೊಟ್ಟ ಪದ್ಧತಿ.
ರೆಕ್ಕೆಯಳತೆ, ತೂಕ, ಫೋಟೊ, ಉಂಗುರದ ನಂಬರು,
ಎಲ್ಲ ಒಬ್ಬಳೇ ತಾಯಿಯ ಕೆಳಗೆ.
ಪ್ರತಿ ಮರಿಯೂ ತನ್ನೊಳಗೆ ಎರಡು ಚುಕ್ಕಿ ಇಟ್ಟುಕೊಂಡಿರುತ್ತದೆ,
ಅಮ್ಮ ಅಲ್ಲಿದ್ದಾಳೆ ಎಂದು ತೋರುವ ಎರಡು ಚುಕ್ಕಿ.
ತಾಯಿ ಅವನ್ನು ಬೆರಳು ಮಡಚಿ ಎಣಿಸುತ್ತಾಳೆ.
ಮೂವತ್ತೆರಡು ಸಾವಿರಕ್ಕೆ ಅವಳ ಬೆರಳು ಮುಗಿಯುತ್ತವೆ,
ಅದರಲ್ಲೂ ಎರಡು ಅವಳವೇ:
ಒಂದು ಮೇಲಿನವರು ಕರೆಯುವ ಹೆಸರಿಗೆ,
ಒಂದು ತನಗೆ ತಾನು.

ಇಷ್ಟನ್ನೂ ವಿವರಿಸಿದೆ.
ಜಿದ್ರಾ ಕನ್ನಡಕದ ಮೇಲಿಂದ ನೋಡಿದಳು.
ಅವಳ ತೋರುಬೆರಳು ನಡುಬೆರಳ ಸಂದಿಯಲ್ಲೊಂದು ಕೊರಳು.
ಐದು ಗ್ರಾಮು, ನೆತ್ತಿಯ ಮೇಲೆ ಹಳದಿ ಗೀಟು.
‘ಇದಕ್ಕೆ ಹೇಳು ಅದನ್ನು,’ ಅಂದಳು.

‘ಹಳೆಯವನ್ನು ಅಳಿಸೋಣವೆ?’ ಎಂದ ಹುಡುಗ ಇಲ್ಗ್ವಾರ್ಸ್,
‘ಸತ್ತಿರುತ್ತವಲ್ಲ?’
ಯಾರೂ ಮಾತಾಡಲಿಲ್ಲ.
ಅವನೇ ಎದ್ದು ಕಾಫಿಗೆ ನೀರಿಟ್ಟ.

ಪಕ್ಕದಲ್ಲೊಂದು ಹೊಸ ಅಂಗಳ ಹಾಕಿ
ನೂರು ಕೋಣೆ ಕಟ್ಟಿದೆ. ಉಂಗುರದ ಕೊನೆಯ ಎರಡಂಕಿಯೇ ಬಾಗಿಲು.
ಇನ್ನು ಸಾಗಿ ಅಂದೆ.
ಪರದೆಯ ಮೇಲೆ ಹದಿನೇಳು ಶರತ್ಕಾಲ
ಬರೀ ನಂಬರಾಗಿ, ಸದ್ದಿಲ್ಲದೆ, ಮೇಲಕ್ಕೆ ಮೇಲಕ್ಕೆ.

ಜಿದ್ರಾ ಕಾಯಲಿಲ್ಲ.
ಮೋಟು ಪೆನ್ಸಿಲ್ಲಿನಿಂದ ಹಲಗೆಗೋಡೆಯ ಮೇಲೆ
ನಂಬರು ಬರೆದಳು, ತೂಕ ಬರೆದಳು,
ಕಿಟಕಿ ತೆಗೆದು ಅಂಗೈ ಬಿಚ್ಚಿದಳು.

ಏಳೂವರೆಗೆ ನಲವತ್ತೊಂದನೆಯ ಕೋಣೆಯಲ್ಲಿ
ಅದನ್ನು ನಾನು ದಾಖಲಿಸುವಾಗ
ಹಕ್ಕಿ ಆಗಲೇ ಲಿಥುವೇನಿಯಾ ಮುಟ್ಟಿತ್ತೋ,
ಹಿಂದಿನ ಪೊದೆಯಲ್ಲೇ ಹುಳ ಹುಡುಕುತ್ತಿತ್ತೋ.

ಗೋಡೆ ಒರೆಸಹೋದೆ.
‘ಬಿಡು,’ ಅಂದಳು, ‘ಅದು ಇರಲಿ.’