ಯಾರನ್ನು ನೋಡಲು ಬಂದಿರಿ

ಕೋಎಂಜಿ ಸ್ಟೇಷನ್ನಿನ ಉತ್ತರದ ಬಾಗಿಲು,
ಕೋಳಿ ಸುಡುವ ಅಂಗಡಿಯ ಹೊಗೆ, ಹಳೆ ಕೋಟುಗಳ ಅಂಗಡಿ,
ಅದರ ಪಕ್ಕದಲ್ಲಿ ನೆಲದೊಳಕ್ಕೆ ಹದಿನಾಲ್ಕು ಮೆಟ್ಟಿಲು.
ಹನ್ನೊಂದನೆಯದು ತುಸು ಗಿಡ್ಡ.
ನಾನು ಮರೆತರೂ
ಇಪ್ಪತ್ತೆರಡು ವರ್ಷದಿಂದ ನನ್ನ ಮೊಣಕಾಲಿಗೆ ಅದು ಗೊತ್ತು.

ಕೆಳಗೊಂದು ಮಡಿಸುವ ಮೇಜು, ಹಸಿರು ಕೂದಲ ಹುಡುಗ.
ದುಡ್ಡಿಗಿಂತ ಮೊದಲು ಪ್ರಶ್ನೆ:
"ಇವತ್ತು ಯಾರನ್ನು ನೋಡಲು ಬಂದಿರಿ?"

ಹೊಸಬರಿಗೆ ಕುಶಲೋಪರಿಯಂತೆ ಕೇಳೀತು.
ಅಲ್ಲ, ಲೆಕ್ಕ.
ಹಾಳೆಯಲ್ಲಿ ನಾಲ್ಕು ತಂಡ, ಒಂದೊಂದರ ಕೆಳಗೆ ಗೆರೆಗಳು.
ಐದು ಗೆರೆ ಕೂಡಿದರೆ ಒಂದು ಅಕ್ಷರ,
ಆ ಅಕ್ಷರದ ಅರ್ಥ 'ಸರಿ'.
ಮೂರು 'ಸರಿ' ಆಗದಿದ್ದರೆ
ಉಳಿದ ಟಿಕೆಟ್ಟಿನ ದುಡ್ಡು ತಂಡದ್ದೇ ಜೇಬಿನಿಂದ.
ಹಾಡಿದ್ದಕ್ಕೆ ದಂಡ ತೆತ್ತು
ಗಿಟಾರು ಹೊತ್ತು ರೈಲು ಹತ್ತಬೇಕು.

ನನ್ನ ಹೆಸರು ಅತಿಥಿಗಳ ಪಟ್ಟಿಯಲ್ಲಿ. ಬರೆಯುವವರಿಗೆ ಬಿಟ್ಟಿ.
ಬಿಟ್ಟಿ ಬಂದವರಿಗೆ ಗೆರೆ ಇಲ್ಲ.
ಯಾರ ಲೆಕ್ಕಕ್ಕೂ ಸಿಗದೆ ಗೋಡೆಗೊರಗಿ ನಿಂತೆ ಇಷ್ಟು ವರ್ಷ,
ಆರುನೂರು ಯೆನ್ನಿನ ಬಿಲ್ಲೆ ಕೊಟ್ಟು ತಣ್ಣನೆಯ ಚಹಾ ಕುಡಿದೆ,
ಕತ್ತಲಲ್ಲಿ ಗೀಚಿದೆ, ಸಾಲಿನ ಮೇಲೆ ಸಾಲು;
ಬೆಳಿಗ್ಗೆ ನೋಡಿದರೆ ನನ್ನ ಅಕ್ಷರ ನನಗೇ ಒಗಟು.

ಬಲಗಿವಿ ತೆರಿಗೆ ಕಟ್ಟಿದೆ.
ಊರು ಮಲಗಿದ ಮೇಲೆ ಅಲ್ಲೊಂದು ಕೆಟಲು ಕೂಗುತ್ತದೆ,
ಇಳಿಸುವವರಿಲ್ಲ.

ಮೊನ್ನೆ ಲಿಫ್ಟು ರಿಪೇರಿಗೆ ಬಂದವನು ಸ್ಪ್ಯಾನರು ಕೆಳಗಿಟ್ಟು
"ನೀವು ಕುರಾಮೋಚಿಯವರಲ್ಲವೆ?" ಅಂದ.
"ನನ್ನ ಡ್ರಮ್ಮು ಕೇಳಿ ಬರೆದಿದ್ದಿರಿ,
ಯಾರೋ ಒದ್ದೆ ಕೊಡೆ ಕೊಡವಿದಂತಿದೆ ಎಂದು."
ಹೊಗಳಿಕೆಯೋ ತೆಗಳಿಕೆಯೋ, ಹದಿಮೂರು ವರ್ಷ
ಅವನಿಗೆ ತಿಳಿದಿರಲಿಲ್ಲವಂತೆ.
ನನಗೂ ನೆನಪಿಲ್ಲ. ಹೊಗಳಿಕೆ ಅಂದೆ.
ಎಂಟನೆಯ ಮಹಡಿವರೆಗೆ ಇಬ್ಬರೂ ಸುಮ್ಮನಿದ್ದೆವು.

ಎಷ್ಟು ಸಲ ಬರೆದೆನೋ 'ಭರವಸೆಯ ತಂಡ' ಎಂದು!
ಭರವಸೆ ಕೊಟ್ಟವರು ಯಾರು,
ಯಾರಿಗೆ?
ಅವರದು ದಿನಕ್ಕೊಂದು ಹೊಸ ರಾಗ,
ನನ್ನದೇ ಹಾಡಿದ್ದೇ ಹಾಡು.

ಇವತ್ತು ಆರೂವರೆಗೆ ಮೊದಲ ತಂಡ, 'ನೆನೆದ ಅಂಚೆಚೀಟಿ'.
ತಂಡವೆಂದರೆ ಒಬ್ಬಳೇ, ಮೊಗಾಮಿ ಇಜುಹೊ;
ಹಗಲು ತಾಚಿಕಾವಾದಲ್ಲಿ ಬ್ರೆಡ್ಡು ಮಾರುತ್ತಾಳೆ.
ಕೇಳಲು ನಾನು, ದೀಪದವನು,
ಮುಂದಿನ ತಂಡದ ಒಬ್ಬ, ತಂತಿ ಬಿಗಿಯುತ್ತ.

ಎರಡನೆಯ ಹಾಡಿನ ನಡುವೆ ಅವಳ ತಂತಿ ಹರಿಯಿತು.
ನಿಲ್ಲಿಸಲಿಲ್ಲ. ಕ್ಷಮೆ ಕೇಳಲಿಲ್ಲ.
ಆ ತಂತಿಯ ಸ್ವರ ಬರಬೇಕಾದಲ್ಲೆಲ್ಲ
ಬಾಯಿ ಮುಚ್ಚಿ ಅಷ್ಟು ಹೊತ್ತು ಕಾದಳು,
ತಡವಾಗಿ ಬರುವವರಿಗೆ ಕುರ್ಚಿ ಹಿಡಿದವಳಂತೆ.
ನಾನು ಕಿವಿಯ ಬಿರಡೆ ತೆಗೆದೆ.
ಪೆನ್ನಿನ ಮುಚ್ಚಳ ತೆಗೆಯಲಿಲ್ಲ.

ಮುಗಿದೊಡನೆ ಮೇಜಿನ ಬಳಿ ಹೋಗಿ
ಎರಡು ಸಾವಿರದ ನಾನೂರು ಯೆನ್ ಇಟ್ಟೆ.
"ನೆನೆದ ಅಂಚೆಚೀಟಿಯನ್ನು ನೋಡಲು ಬಂದೆ."
"ಆದರೆ ನೀವು ಪಟ್ಟಿಯಲ್ಲಿ... ಅವರದ್ದಂತೂ ಮುಗಿಯಿತಲ್ಲ?"
"ಹೌದು, ಮುಗಿಯಿತು."
ಹುಡುಗ ತಲೆ ಕೆರೆದುಕೊಂಡು
ಖಾಲಿ ಕಂಬಸಾಲಿನಲ್ಲಿ ಒಂದು ಅಡ್ಡಗೆರೆ ಎಳೆದ.
'ಸರಿ'ಯ ಮೊದಲ ಗೆರೆ.
ಅಷ್ಟರಿಂದ ಏನೂ ಸರಿಹೋಗುವುದಿಲ್ಲ, ಬಲ್ಲೆ.
ಆದರೂ ನಾನು ಬರೆಸಿದ್ದರಲ್ಲಿ
ಎರಡು ಸಲ ತಿದ್ದದೆ ಉಳಿದದ್ದು ಅದೊಂದೇ.

ಕೊನೆಯ ರೈಲಿಗೆ ಇನ್ನೂ ಹೊತ್ತಿತ್ತು.
ಆಂಪ್ಲಿಫೈಯರು ಎದೆಗಪ್ಪಿ ಅವಳು ಮೆಟ್ಟಿಲು ಹತ್ತುತ್ತಿದ್ದಳು.
ಹಿಂದಿನಿಂದ ಅಂದೆ:
"ಹನ್ನೊಂದನೆಯ ಮೆಟ್ಟಿಲು ಗಿಡ್ಡ, ಜೋಪಾನ."
ತಿರುಗದೆ, ಏದುಸಿರಲ್ಲೇ ಅಂದಳು:
"ಹತ್ತುವವರಿಗೆ ಅದು ನಾಲ್ಕನೆಯದು.
ಆಗಲೇ ದಾಟಿದೆ."