ಒಂದು ಬೀಡಿಯ ಹೊತ್ತು

ಬಸವಕಲ್ಯಾಣದ ಆಟೋನಗರದಲ್ಲಿ
ಬಾಡಿ ಕಟ್ಟದ ಲಾರಿಗಳು ಸಾಲಾಗಿ ನಿಂತಿದ್ದವು,
ಅಂಗಿ ಬಿಚ್ಚಿ ತೂಕಕ್ಕೆ ನಿಂತ ಗಂಡಸರ ಹಾಗೆ.
ಪುಷ್ಯ ಮಾಸ. ಥಂಡಿ ಅಂದರೆ ಎಂಥಾ ಥಂಡಿ!
ಬಕೀಟಿನ ನೀರಿಗೆ ಕೈ ಹಾಕಿದರೆ
ಬೆರಳು ಬೇರೆ ಯಾರವೋ ಅನಿಸುವಂಥದ್ದು.
ಬೀದರ್ ಕಡೆಯ ಚಳಿಯನ್ನು ಕೆಳಗಿನವರು ನಂಬುವುದಿಲ್ಲ,
ನಂಬಿಸುವ ಗೋಜಿಗೆ ನಾನೂ ಹೋಗುವುದಿಲ್ಲ.

ನನಗಾಗ ಹದಿನಾರು. ಕ್ಲೀನರ್.
ಉಸ್ತಾದ್ ಝರೆಪ್ಪ ತಂಬಿಗೆ ಹಿಡಿದು ಹೊಲದ ಕಡೆ ಹೊರಟವನು
ತಿರುಗಿ ಹೇಳಿದ್ದ:
"ಚಾಲೂ ಮಾಡಿಡು. ರೇಸ್ ಮಾತ್ರ ಕೊಡಬ್ಯಾಡ.
ಒಂದ್ ಬೀಡಿ ಮುಗಿಯೋತನ
ಅದು ತನ್ನಷ್ಟಕ್ಕೆ ತಾನು ಉಸಿರಾಡ್ಲಿ."

ಸೆಲ್ಫ್ ತಿರುವಿದೆ. ಮೊದಲ ಸಲ ಬರೀ ಕೆಮ್ಮು.
ಎರಡನೇ ಸಲ ಬ್ಯಾಟರಿ ಗೋಗರೆಯಿತು.
ಮೂರನೆಯದಕ್ಕೆ ಎದ್ದಿತು,
ಸೈಲೆನ್ಸರಿನಿಂದ ಬಿಳಿ ಹೊಗೆ,
ಹಸಿ ಡೀಸೆಲ್ಲಿನ ಘಾಟು, ಕಣ್ಣಲ್ಲಿ ನೀರು.
ಇಡೀ ಗಾಡಿ ನಡುಗುತ್ತಿತ್ತು, ನಾನೂ.

ಚಹಾದಂಗಡಿಯಲ್ಲಿ ಬೇರೆ ಲಾರಿಯ ಹುಡುಗರು ಮೂವರು
ನನ್ನ ಕಡೆ ನೋಡುತ್ತಿದ್ದರು.
ನಾನು ಡ್ರೈವರ್ ಸೀಟಿನಲ್ಲಿದ್ದೆ.
ಇದಕ್ಕಿಂತ ದೊಡ್ಡ ಕಾರಣ ಇರಲಿಲ್ಲ.
ಪೆಡಲ್ ತಳ ಮುಟ್ಟುವ ಹಾಗೆ ಒತ್ತಿದೆ.

ಸಂಪಿನೊಳಗೆ ಆಯಿಲ್ಲು ಕಾಕಂಬಿಯಂತೆ ಗಟ್ಟಿಯಾಗಿತ್ತಂತೆ,
ಮೇಲೇರುವ ಮನಸ್ಸು ಇನ್ನೂ ಮಾಡಿರಲಿಲ್ಲವಂತೆ.
ಅದೆಲ್ಲ ಆಮೇಲೆ ತಿಳಿದದ್ದು.
ಆಗ ಕೇಳಿದ್ದು ಒಂದೇ:
ಟಕ್. ಟಕ್. ಟಕ್.
ಒಳಗಿನಿಂದ ಯಾರೋ ಗೆಣ್ಣಿನಿಂದ ಕದ ಬಡಿದಂತೆ.

ಬಂದ್ ಮಾಡಿ ಕೆಳಗಿಳಿದು
ಟೈರಿನ ಗಾಳಿ ನೋಡುವವನ ಹಾಗೆ ಕುಕ್ಕರಗಾಲಲ್ಲಿ ಕೂತೆ.

ಲಾಡ್ಲೆಸಾಬ್ ಮಿಸ್ತ್ರಿಗೆ ಎರಡೂ ಕಿವಿ ಮಂದ.
ನಲವತ್ತು ವರ್ಷದ ಇಂಜಿನ್ನುಗಳು ತಿಂದಿದ್ದವು.
ಅರೆಗಳಿಗೆ ಚಾಲೂ ಮಾಡಿಸಿ
ಉದ್ದನೆ ಸ್ಕ್ರೂಡ್ರೈವರಿನ ತುದಿ ಬ್ಲಾಕಿಗೆ ಹಚ್ಚಿ
ಹಿಡಿಕೆಯನ್ನು ಹಲ್ಲಿನಲ್ಲಿ ಕಚ್ಚಿ ಕಣ್ಣು ಮುಚ್ಚಿದ.
ಎಲುಬಿನಿಂದ ಕೇಳುತ್ತಿದ್ದ.
"ಎರಡ್ನೇದು," ಅಂದ. "ಬೇರಿಂಗ್ ಹೋಗ್ಯಾದ."

ಸಂಪು ಇಳಿಸುವಾಗ ಮಧ್ಯಾಹ್ನ.
ಗೋಣಿತಟ್ಟಿನ ಮೇಲೆ ಎರಡು ಹೋಳು ಇಟ್ಟ,
ಎರಡು ಅರ್ಧಚಂದ್ರ.
ಬೂದುಬಣ್ಣ ಸವೆದು ತಾಮ್ರ ಕಾಣುತ್ತಿತ್ತು,
ಮೊಣಕಾಲು ತರಚಿದಾಗ ಕೆಂಪು ಕಾಣುವ ಹಾಗೆ.
"ಥಂಡಿಯಾಗ ರೇಸ್ ಕೊಟ್ಟವ್ರ್ಯಾರು?"

ನಾನು ಪಾನಾ ಒರೆಸುತ್ತಿದ್ದೆ.
ಒರೆಸಿದ್ದನ್ನೇ ಒರೆಸುತ್ತಿದ್ದೆ.

"ನಾನೇ," ಅಂದ ಝರೆಪ್ಪ,
ಬೀಡಿ ಹಚ್ಚಿಕೊಳ್ಳುತ್ತ, ನನ್ನ ಕಡೆ ನೋಡದೆ.
"ಲೋಡ್ ಹಸಿ ಶುಂಠಿ ಅದಾ. ಗಡಿಬಿಡಿ ಇತ್ತು."
ಮಿಸ್ತ್ರಿ ಅವನ ಮುಖ ನೋಡಿದ,
ಆಮೇಲೆ ನನ್ನ ಬಲಗಾಲು ನೋಡಿದ.
"ಇಪ್ಪತ್ತೆಂಟು ವರ್ಷ ಗಾಡಿ ಹೊಡದ ಮನಷಾ,"
ಅಂದ, ಅಷ್ಟೇ ಅಂದ,
ಡಬ್ಬದ ಡೀಸೆಲ್ಲಿನಲ್ಲಿ ಕೈ ತೊಳೆದುಕೊಂಡ.

ಶೇಠ ಫೋನಿನಲ್ಲಿ ಬೈದದ್ದು ಚಹಾದಂಗಡಿಯ ತನಕ ಕೇಳಿಸಿತು.
ಎರಡು ತಿಂಗಳ ಪಗಾರ ಕಡಿತ.
ಮೂರು ದಿನ ಅಲ್ಲೇ ಬಿದ್ದುಕೊಂಡೆವು.
ತಾಡಪತ್ರಿಯ ಕೆಳಗೆ ಶುಂಠಿ ಬೆವೆತು
ರಾತ್ರಿಯೆಲ್ಲ ಖಾರ ವಾಸನೆ ಬಿಡುತ್ತಿತ್ತು.
ಉಸ್ತಾದ್ ಅದರಲ್ಲೇ ಒಂದು ತುಂಡು ಜಜ್ಜಿ ಚಹಾಕ್ಕೆ ಹಾಕಿಸಿ
ನನಗೂ ಅರ್ಧ ಕಪ್ಪು ಕೊಟ್ಟ.
ಹೇಳಿಬಿಡಬೇಕೆಂದು ಬಾಯಿ ತೆರೆದೆ.
"ಕುಡಿ, ಆರ್ತದ," ಅಂದ.

ಈಗ ಗಾಡಿ ನನ್ನದು,
ಅಂದರೆ ಶೇಠನದು, ಹೊಡೆಯುವವನು ನಾನು.
ಹೊಸ ಇಂಜಿನ್ನಿಗೆ ಇಷ್ಟೆಲ್ಲ ಬೇಕಿಲ್ಲ,
ಒಳಗ ಕಂಪ್ಯೂಟರ್ ಅದಾ ಅಂತಾರೆ ಶೋರೂಮಿನವರು.
ನಾನು ಬೀಡಿ ಬಿಟ್ಟು ಆರು ವರ್ಷ.
ಆದರೂ ಪುಷ್ಯದ ನಸುಕಿನಲ್ಲಿ ಚಾಲೂ ಮಾಡಿ
ಕೆಳಗಿಳಿದು ಒಂದು ಬೀಡಿ ಹಚ್ಚಿ
ಬಂಪರಿನ ಮೇಲೆ ಇಡುತ್ತೇನೆ.
ಗಾಳಿ ಸೇದುತ್ತದೆ.
ಕ್ಲೀನರ್ ಹುಡುಗ, ಭಾಲ್ಕಿ ಕಡೆಯವನು,
ಪೂಜೆಯೆಂದುಕೊಂಡು ಕೈ ಮುಗಿಯುತ್ತಾನೆ.
ಅಲ್ಲ ಅಂತ ನಾನು ಹೇಳಿಲ್ಲ.

ಥಂಡಿ ಬಹಳ ಇದ್ದ ದಿನ
ಅರ್ಧಕ್ಕೇ ಆರಿಹೋಗುತ್ತದೆ.
ಮತ್ತೆ ಕಡ್ಡಿ ಗೀರುತ್ತೇನೆ.